ಬೋರ್ಡಿನಲ್ಲಿ ಮಾಂಟೆಸ್ಸರಿ, ಒಳಗೆ ಬಾಯಿಪಾಠ

ಅಹಮದಾಬಾದ್, ವಡೋದರಾ, ಸೂರತ್‌ನ ಹೊಸ ಬಡಾವಣೆಗಳಲ್ಲಿ ಮಾಂಟೆಸ್ಸರಿ ಎಂಬ ಬೋರ್ಡಿಗೆ ಬರವಿಲ್ಲ. ಹೋಟೆಲು, ಕಾರ್ಖಾನೆ, ಬ್ಯಾಂಕು ಎಂದು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರೂ ಮೂರು ವರ್ಷದ ಮಗುವನ್ನು ಅಲ್ಲಿಗೆ ಸೇರಿಸುತ್ತಾರೆ. ಸಂಜೆ ನೆಂಟರೆದುರು ಅದು ಇಂಗ್ಲಿಷ್ ರೈಮ್ಸ್ ಒಪ್ಪಿಸಿದರೆ ಹೆತ್ತವರಿಗೆ ಕೊಟ್ಟ ಫೀಸು ವಸೂಲಾದಷ್ಟು ಸಂತೋಷ. ಆದರೆ ಈ ಪದ್ಧತಿ ಗುಜರಾತಿನಲ್ಲಿ ಬೇರೂರಿದ್ದು ಇಂಗ್ಲಿಷಿನಿಂದಲ್ಲ, ಗುಜರಾತಿಯಿಂದ.

ಡಾ. ಮರಿಯಾ ಮಾಂಟೆಸ್ಸರಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ. ಅದೇ ವರ್ಷ ಸೌರಾಷ್ಟ್ರದ ಗಿಜುಭಾಯಿ ಬಧೇಕಾ ಸಂಪಾದನೆಗಾಗಿ ಪೂರ್ವ ಆಫ್ರಿಕಾಕ್ಕೆ ಹೋಗಿದ್ದರು. ಮರಳಿ ಬಂದು ವಕೀಲರಾದರು. 1913ರಲ್ಲಿ ಮಗ ಹುಟ್ಟಿದ ಮೇಲೆ, ಇವನನ್ನು ಬೆತ್ತದ ಶಾಲೆಗೆ ಕಳುಹಿಸುವುದು ಹೇಗೆ ಎಂಬ ಚಿಂತೆ ಹತ್ತಿತು. ಮಾಂಟೆಸ್ಸರಿ ಕುರಿತ ಪುಸ್ತಕ ಅವರ ಕೈಗೆ ಬಂದದ್ದು ವಡೋದರಾ ಸಂಸ್ಥಾನದ ವಸೋ ಊರಿನ ಮೋತಿಭಾಯಿ ಅಮೀನ್ ಮೂಲಕ. 1906ರಲ್ಲೇ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ, 1910ರಲ್ಲಿ ಅಮೆರಿಕದಿಂದ ಗ್ರಂಥಪಾಲಕರನ್ನು ಕರೆಸಿದ ಸಯಾಜಿರಾವ್ ಮಹಾರಾಜರ ಸಂಸ್ಥಾನವದು.

ಗಿಜುಭಾಯಿ ವಕೀಲಿಗೆ ಬಿಟ್ಟು 1920ರಲ್ಲಿ ಭಾವನಗರದಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರ ತೆರೆದರು. ಇಟಲಿಯ ಪದ್ಧತಿಯನ್ನು ಅವರು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ಚಿಕ್ಕ ಮಕ್ಕಳಿಗೆ ಕಾಲ್ಪನಿಕ ಕತೆ ಬೇಡವೆಂದು ಮರಿಯಾ ಹೇಳಿದರೆ, ಗಿಜುಭಾಯಿ ಧಾರಾಳವಾಗಿ ಕತೆ ಹೇಳಿದರು, ನಾಟಕ ಆಡಿಸಿದರು, ಜನಪದ ಹಾಡು ಹಾಡಿಸಿದರು. ಎಲ್ಲವನ್ನೂ ಗುಜರಾತಿಯಲ್ಲಿ ಬರೆದರು. ಜನ ಅವರನ್ನು ಮೀಸೆಯ ತಾಯಿ ಎಂದು ಕರೆದದ್ದು ಸುಮ್ಮನೆ ಅಲ್ಲ.

ಅಹಮದಾಬಾದಿನ ಗಿರಣಿ ಮಾಲಿಕ ಅಂಬಾಲಾಲ್ ಸಾರಾಭಾಯಿ ಹಣವಂತರು. ಅವರೂ ಪತ್ನಿ ಸರಳಾದೇವಿಯವರೂ ಮನೆಯಲ್ಲೇ ಈ ಮಾದರಿಯ ಶಾಲೆ ನಡೆಸಿ, ಇಂಗ್ಲೆಂಡಿನಿಂದ ಇ. ಎಂ. ಸ್ಟ್ಯಾಂಡಿಂಗ್ ಎಂಬ ಶಿಕ್ಷಕರನ್ನು ಕರೆಸಿದರು. ವಿಜ್ಞಾನಿ ವಿಕ್ರಂ ಸಾರಾಭಾಯಿ ಆ ಮನೆಶಾಲೆಯಲ್ಲೇ ಕಲಿತವರು. ಸ್ವತಃ ಮರಿಯಾ ಭಾರತಕ್ಕೆ ಬಂದದ್ದು 1939ರ ನವೆಂಬರಿನಲ್ಲಿ. ಗಿಜುಭಾಯಿ ಅದೇ ಜೂನ್ 23ರಂದು ತೀರಿಕೊಂಡಿದ್ದರು! ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದ ಆಕೆ ಅಹಮದಾಬಾದಿನಲ್ಲೂ ಶಿಕ್ಷಕರಿಗೆ ತರಬೇತಿ ನೀಡಿದರು.

ಪರವೂರಿನಲ್ಲಿ ನೆಲೆಸಿದವರು ಮುಖ್ಯವಾಗಿ ನೆನೆಯಬೇಕಾದವರು ತಾರಾಬಾಯಿ ಮೋಡಕ್. ಮರಾಠಿ ಮನೆಯ ಈ ಹೆಣ್ಣುಮಗಳು ಗುಜರಾತಿಗೆ ಬಂದು, ಗಿಜುಭಾಯಿಯವರ ಜೊತೆ ದುಡಿದು, ಕಲಿತದ್ದನ್ನು ಮರಾಠಿಗೆ ಒಯ್ದರು. ಮುಂಬಯಿ-ಸೂರತ್ ರೈಲುದಾರಿಯ ಪಕ್ಕದ ಬೋರ್ಡಿ, ಕೋಸ್ಬಾಡ್‌ಗಳಲ್ಲಿ ಅನುತಾಯಿ ವಾಘ್ ಅವರೊಡನೆ ಆದಿವಾಸಿ ಮಕ್ಕಳಿಗೆ ಅಂಗಳದಲ್ಲೇ ಬಾಲವಾಡಿ ನಡೆಸಿದರು. ದುಬಾರಿ ಸಾಮಾನಿನ ಬದಲು ಕಲ್ಲು, ಎಲೆ, ಬೀಜ ಸಾಕಾಯಿತು.

ಹೀಗಿರುವಾಗ, ಬೋರ್ಡು ನೋಡಿ ಸಾವಿರಗಟ್ಟಲೆ ಕಟ್ಟುವವರು ಕೊಳ್ಳುತ್ತಿರುವುದಾದರೂ ಏನು? ಒಳ್ಳೆಯ ಮಾಂಟೆಸ್ಸರಿ ಶಾಲೆಗಳಿಲ್ಲವೆಂದಲ್ಲ. ಆದರೆ ಆ ಹೆಸರನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಮೂವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಎಬಿಸಿಡಿ ಕೂಗಿಸುವ ಕಡೆ ಮರಿಯಾ ಅವರ ಫೋಟೋ ಬಿಟ್ಟರೆ ಅವರದೆಂಬುದು ಏನೂ ಇರುವುದಿಲ್ಲ. ಅರ್ಜಿ ತುಂಬುವ ಮೊದಲು ಅರ್ಧ ಗಂಟೆ ತರಗತಿಯಲ್ಲಿ ಕೂರಲು ಬಿಡುತ್ತೀರಾ ಎಂದು ಕೇಳಿದರೆ ಅರ್ಧ ಸತ್ಯ ಅಲ್ಲೇ ಗೊತ್ತಾಗುತ್ತದೆ. ಇತ್ತ, ಕನ್ನಡಿಗರು ಮೂಗು ಮುರಿಯುವ ಸರಕಾರಿ ಶಾಲೆಗಳಿಗೆ 2010ರಲ್ಲಿ ಪ್ರಜ್ಞಾ ಹೆಸರಿನ ಚಟುವಟಿಕೆ ಕಲಿಕೆ ಬಂತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿಯ ಹತ್ತಿರದ ಬಂಧು ಅದು.

ಕನ್ನಡ ಸಂಘಗಳ ಮಾತೂ ಬೇರೆಯಲ್ಲ. ಕನ್ನಡ ಕಲಿಸುವುದೆಂದರೆ ಹಲಗೆಯ ಮೇಲೆ ಅಆಇಈ ಬರೆದು ಹತ್ತು ಸಲ ತಿದ್ದಿಸುವುದು ಎಂಬ ರೂಢಿ ಹೋಗಿಲ್ಲ. ವಾರಪೂರ್ತಿ ಬೇರೆ ಭಾಷೆಯಲ್ಲಿ ಓದಿ ದಣಿದ ಮಗು ಮೂರನೆಯ ಭಾನುವಾರಕ್ಕೆ ಹೊಟ್ಟೆನೋವು ಎನ್ನುತ್ತದೆ. ಉಪ್ಪುಕಾಗದದಲ್ಲಿ ಕನ್ನಡ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಮಗು ಬೆರಳಾಡಿಸಿ ಕಲಿಯುತ್ತದೆ. ಇದು ಮರಿಯಾ ಅವರದೇ ಉಪಾಯ. ಜೊತೆಗೆ ಗಿಜುಭಾಯಿಯವರಂತೆ ಕತೆ ಹೇಳಲು ಒಬ್ಬ ಅಜ್ಜಿ ಬೇಕು, ಮತ್ತು ಊರಿನಿಂದ ಬಂದ ಅಜ್ಜಿಯಂದಿರು ಈ ಮೂರೂ ನಗರಗಳ ಫ್ಲ್ಯಾಟುಗಳಲ್ಲಿ ಮಾತಿಗೆ ಜನವಿಲ್ಲದೆ ಟಿವಿ ನೋಡುತ್ತ ಕುಳಿತಿದ್ದಾರೆ.