ಚಂದಾ ಎತ್ತೋಕೆ ಮಾತ್ರ ಸಂಘವೇ?

ಗಣೇಶನ ಹಬ್ಬ ಬಂತೆಂದರೆ ಬಡಾವಣೆಯ ಸಂಘಕ್ಕೆ ಜೀವ ಬರುತ್ತೆ. ರಸೀದಿ ಪುಸ್ತಕ ಹಿಡಿದು ಪದಾಧಿಕಾರಿಗಳು ಅಂಗಡಿ ಅಂಗಡಿ ಸುತ್ತುತ್ತಾರೆ. ಹಬ್ಬ ಮುಗಿಯಿತೋ, ಸಂಘಕ್ಕೆ ಬೀಗ! ಚರಂಡಿ ಕಟ್ಟಿಕೊಂಡು ಕೊಳಚೆ ಅಂಗಡಿ ಮೆಟ್ಟಿಲೇರಿದಾಗ, ಬಸ್ ಸ್ಟಾಪಿನ ದೀಪ ಕೆಟ್ಟು ಹೆಣ್ಣುಮಕ್ಕಳು ಕತ್ತಲಲ್ಲಿ ನಿಂತಾಗ ಅಧ್ಯಕ್ಷರ ಪತ್ತೆಯೇ ಇಲ್ಲ.

ಕಾನೂನು ಹೇಳೋದೇ ಬೇರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಮಂದಿ ಸೇರಿದರೆ ಸಂಘ ಕಟ್ಟಬಹುದು. ಆದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರ ಒಪ್ಪಿಸಬೇಕು. ನಿಮ್ಮ ಬಡಾವಣೆಯಲ್ಲಿ ಕೊನೆಯ ಸಭೆ ಯಾವಾಗ ಆಯ್ತು? ಕೇಳಿ ನೋಡಿ.

1992ರ 74ನೇ ಸಂವಿಧಾನ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಿಗೆ. ಅದಕ್ಕಿಂತ ಸಣ್ಣ ಊರಲ್ಲಿ ಬಡಾವಣೆಯ ಸಂಘವೂ ಬಾಯಿ ಮುಚ್ಚಿ ಕೂತರೆ ಬೀದಿಯ ಪರವಾಗಿ ಕೇಳೋರು ಯಾರು? ಒಬ್ಬನೇ ಕೊಟ್ಟ ಅರ್ಜಿ ನಗರಸಭೆಯ ಕಡತದಲ್ಲಿ ಮಲಗುತ್ತೆ. ಬೀದಿಗೆ ಬೀದಿಯೇ ಸಹಿ ಹಾಕಿ ಹೋದರೆ ಇಂಜಿನಿಯರು ಕುರ್ಚಿ ಬಿಟ್ಟು ಏಳಲೇಬೇಕು.

ಚಂದಾ ಕೊಡಿ, ಬೇಡವೆನ್ನೋದಿಲ್ಲ. ಆದರೆ ರಸೀದಿ ಪಡೆಯುವಾಗಲೇ ಕಳೆದ ವರ್ಷದ ಲೆಕ್ಕವನ್ನೂ ಕೇಳಿ. ತನ್ನ ಲೆಕ್ಕ ಕೊಡದ ಸಂಘ ನಗರಸಭೆಯ ಲೆಕ್ಕ ಕೇಳೋದು ಯಾವ ಮುಖ ಹೊತ್ತು?