ತೆರಿಗೆಯ ಲೆಕ್ಕಕ್ಕೆ ಸಿಗದ ಆರೈಕೆ

ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಎರಡು ಮನೆ ಎಂದಿಟ್ಟುಕೊಳ್ಳಿ. ಎರಡೂ ಮನೆಯ ಯಜಮಾನರಿಗೆ ವರ್ಷಕ್ಕೆ 15 ಲಕ್ಷ ರೂಪಾಯಿ ಸಂಬಳ, ಬೇರೆ ಆದಾಯವಿಲ್ಲ. ಒಂದು ಮನೆಯ ಮಗಳಿಗೆ ಸೆರೆಬ್ರಲ್ ಪಾಲ್ಸಿ. ವಾರಕ್ಕೆ ಮೂರು ಸಲ ಫಿಸಿಯೊಥೆರಪಿ, ತಿಂಗಳು ತಿಂಗಳು ಡೈಪರ್, ಮಗು ಬೆಳೆದ ಹಾಗೆಲ್ಲ ಬದಲಿಸಬೇಕಾದ ಗಾಲಿಕುರ್ಚಿ. ಅವಳನ್ನು ನೋಡಿಕೊಳ್ಳಲೆಂದು ತಾಯಿ ಕೆಲಸ ಬಿಟ್ಟಿದ್ದಾರೆ. ಪಕ್ಕದ ಮನೆಗೆ ಈ ಯಾವ ಖರ್ಚೂ ಇಲ್ಲ. 2025–26ರ ಹೊಸ ತೆರಿಗೆ ಪದ್ಧತಿಯಲ್ಲಿ ಇಬ್ಬರೂ ಕಟ್ಟಬೇಕಾದ ಆದಾಯ ತೆರಿಗೆ, ಸೆಸ್ ಸೇರಿ, 97,500 ರೂಪಾಯಿ. ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲ.

ಹಿಂದೆ ಹೀಗಿರಲಿಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲಿ ಅಂಗವೈಕಲ್ಯ ಇರುವವರಿಗೇ 80ಯು, ಅವರನ್ನು ಸಾಕುವ ಮನೆಯವರಿಗೆ 80ಡಿಡಿ ಎಂಬ ಎರಡು ಸೆಕ್ಷನ್‌ಗಳು ಆಸರೆಯಾಗಿದ್ದವು. ಶೇ 40ರಿಂದ ಮೇಲಿನ ಅಂಗವೈಕಲ್ಯಕ್ಕೆ 75,000, ಶೇ 80 ಮುಟ್ಟಿದರೆ 1.25 ಲಕ್ಷ ರೂಪಾಯಿಯನ್ನು ಆದಾಯದಿಂದ ಕಳೆಯಬಹುದಿತ್ತು. ಇಂತಿಷ್ಟೇ ಖರ್ಚಾಯಿತು ಎಂದು ಬಿಲ್ಲುಗಳನ್ನು ಕೂಡಿಸಿ ತೋರಿಸಬೇಕಿರಲಿಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ಗುಣ. ಈ ಮೊತ್ತ ನಿಗದಿಯಾದದ್ದು 2015ರ ಬಜೆಟ್‌ನಲ್ಲಿ, ಆಮೇಲೆ ಏರಿಲ್ಲ. ಹೊಸ ಪದ್ಧತಿಯಲ್ಲಂತೂ ಇವೆರಡಕ್ಕೂ ಜಾಗವೇ ಇಲ್ಲ, ಮತ್ತು 2023–24ರಿಂದ ಆ ಹೊಸ ಪದ್ಧತಿಯೇ ಎಲ್ಲರಿಗೂ ತಾನಾಗಿ ಅನ್ವಯವಾಗುತ್ತಿದೆ.

ಬೇಕಿದ್ದರೆ ಹಳೆಯದರಲ್ಲೇ ಇರಬಹುದಲ್ಲ ಎನ್ನುವವರಿದ್ದಾರೆ. ಇರಬಹುದು. ಮೇಲಿನ ಮನೆಯ ತಂದೆ ಹಳೆಯ ಪದ್ಧತಿಗೆ ಹೋಗಿ, ಮಗಳ ಹೆಸರಿನ 1.25 ಲಕ್ಷವನ್ನೂ ಕಳೆದು ಲೆಕ್ಕ ಹಾಕಿದರೆ ತೆರಿಗೆ 2,18,400 ರೂಪಾಯಿಗೆ ಏರುತ್ತದೆ. ಉಳಿತಾಯದ ಒಂದೂವರೆ ಲಕ್ಷ ಸೇರಿಸಿ ಕಳೆದರೂ 1,71,600. ಆಯ್ಕೆ ಕಾಗದದ ಮೇಲಷ್ಟೇ ಉಳಿದಿದೆ. ಅಂಗವೈಕಲ್ಯ ಇರುವ ನೌಕರರಿಗೆ ಓಡಾಟಕ್ಕೆಂದು ಕೊಡುವ ಸಾರಿಗೆ ಭತ್ಯೆಗೆ 2025–26ರಲ್ಲಿ ತಿಂಗಳಿಗೆ 3,200 ರೂಪಾಯಿವರೆಗಿದ್ದ ವಿನಾಯಿತಿಯನ್ನು ಹೊಸ ಪದ್ಧತಿಯೂ ಉಳಿಸಿಕೊಂಡಿದೆ. ಅಂದರೆ ಸರಳತೆಯ ಹೆಸರಿನಲ್ಲಿ ಎಲ್ಲವನ್ನೂ ಗುಡಿಸಲಿಲ್ಲ; ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಯಾರೋ ಕುಳಿತು ಆರಿಸಿದ್ದಾರೆ. 80ಡಿಡಿಯನ್ನು ಗೃಹಸಾಲದ ಬಡ್ಡಿ, ವಿಮೆಯ ಕಂತುಗಳ ಸಾಲಿಗೆ ಸೇರಿಸಿದ್ದೇ ತಪ್ಪು. ಅವು ಉಳಿಸಲಿ, ಮನೆ ಕಟ್ಟಲಿ ಎಂದು ಕೊಟ್ಟ ಆಮಿಷ. ಇದು ಆಮಿಷವಲ್ಲ. ಖರ್ಚು ಹೆಚ್ಚಿರುವ ಮನೆಗೆ ತೆರಿಗೆ ಕಟ್ಟುವ ಶಕ್ತಿ ಕಡಿಮೆ ಎಂಬ ಸಾದಾ ಲೆಕ್ಕ.

ಇಷ್ಟಾಗಿಯೂ ಇದು ತೆರಿಗೆ ಕಟ್ಟುವವರ ಜಗಳ. ಅದೇ ಕಾಯಿಲೆಯ ಮಗು ಪೀಣ್ಯದ ಗಾರ್ಮೆಂಟ್ಸ್ ಕಾರ್ಮಿಕಳ ಮನೆಯಲ್ಲಿದ್ದರೆ 80ಡಿಡಿಯಿಂದ ಆಕೆಗೆ ಹಿಂದೆಯೂ ಬಿಡಿಗಾಸು ಸಿಗುತ್ತಿರಲಿಲ್ಲ. ತೆರಿಗೆಯೇ ಇಲ್ಲದವರಿಗೆ ವಿನಾಯಿತಿ ಎಲ್ಲಿಂದ? ಕೆನಡಾದಲ್ಲಿ ಅಂಗವೈಕಲ್ಯದ ವಿನಾಯಿತಿಯನ್ನು ಲೆಕ್ಕ ಹಾಕಿದ ತೆರಿಗೆಯಲ್ಲೇ ನೇರವಾಗಿ ಕಳೆಯುವ ವ್ಯವಸ್ಥೆ ಇದೆ. ಅಲ್ಲೂ ಬಡವರಿಗೆ ಅದು ತಲುಪದೆ, 2025ರ ಜುಲೈನಿಂದ ತಿಂಗಳಿಗೆ ಗರಿಷ್ಠ 200 ಡಾಲರ್ ನೇರ ನೆರವನ್ನು ಪ್ರತ್ಯೇಕವಾಗಿ ಶುರು ಮಾಡಬೇಕಾಯಿತು. ನಮ್ಮಲ್ಲಿ ಬಡವರ ಪಾಲಿಗಿರುವುದು ಮಾಸಾಶನ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಸಾಲಿದೆ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು, ಅಂಥದ್ದೇ ಯೋಜನೆಗಳಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಕೇಂದ್ರ ಇದನ್ನು ಪಾಲಿಸುತ್ತಿದೆ, ಆದರೆ ಹೇಗೆ ನೋಡಿ: ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನ ಬಡವರಿಗೆ ಅದು ತಿಂಗಳಿಗೆ ಕೊಡುವುದು 200 ರೂಪಾಯಿ, ತೀವ್ರ ಅಂಗವೈಕಲ್ಯ ಇರುವ ಬಡವರಿಗೆ 2012ರಿಂದ 300. ಶೇ 50ರಷ್ಟು ಹೆಚ್ಚು! ಇಲ್ಲಿ ಕಾನೂನಿನ ಅಕ್ಷರಕ್ಕೆ ಚ್ಯುತಿಯಿಲ್ಲ.

ಕರ್ನಾಟಕ ಇದಕ್ಕಿಂತ ಉದಾರಿ, ಸಂಶಯವಿಲ್ಲ. ಆದರೆ 2021ರಲ್ಲಿ ಪರಿಷ್ಕರಿಸಿದ ದರಗಳನ್ನು ಪಕ್ಕಪಕ್ಕ ಇಟ್ಟರೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ವೃದ್ಧರಿಗೆ ತಿಂಗಳಿಗೆ 1,200 ರೂಪಾಯಿ. ಶೇ 40ರಿಂದ 75ರವರೆಗಿನ ಅಂಗವೈಕಲ್ಯಕ್ಕೆ 800. ಅದಕ್ಕೂ ಮೇಲಿನವರಿಗೆ 1,400. ತೀವ್ರ ಬೌದ್ಧಿಕ ಅಂಗವೈಕಲ್ಯಕ್ಕೆ 2,000 ಇದೆ, ಅದೊಂದು ಸರಿ. ಉಳಿದ ಎರಡು ದರಗಳು ಕಾಯ್ದೆಯ ಗೆರೆಯ ಕೆಳಗೇ ಇವೆ.

ಆರೈಕೆ ಮಾಡುವವರ ಮಾತು ಇನ್ನೂ ಹಿಂದೆ ಬಿದ್ದಿದೆ. ಸಂಬಳ ಪಡೆದೋ ಪಡೆಯದೆಯೋ ಅಂಗವಿಕಲರನ್ನು ನೋಡಿಕೊಳ್ಳುವ ತಂದೆ-ತಾಯಿ, ಮನೆಯವರೆಲ್ಲ ಆರೈಕೆದಾರರೇ ಎಂದು 2016ರ ಕಾಯ್ದೆಯೇ ಒಪ್ಪಿದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆ ಕೊಡಬೇಕೆಂದೂ ಅದರಲ್ಲಿದೆ. ಕೇರಳದ ಆಶ್ವಾಸಕಿರಣಂ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ಯೋಜನೆ. ನಮ್ಮ ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ 1,000 ರೂಪಾಯಿ ಘೋಷಿಸಿತು. ಸ್ವಾಗತಿಸೋಣ. ಆದರೆ ಅದು ಹೆಸರಿಸಿದ್ದು ನಾಲ್ಕೇ ಸ್ಥಿತಿಗಳನ್ನು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಕಾಯ್ದೆ ಗುರುತಿಸಿರುವುದು 21. ತೀವ್ರ ಆಟಿಸಂ ಇರುವ ಇಪ್ಪತ್ತೈದರ ಮಗನನ್ನು ಒಂದು ಗಳಿಗೆಯೂ ಬಿಟ್ಟಿರಲಾಗದ ತಾಯಿಗೆ, ಬೆನ್ನುಮೂಳೆ ಮುರಿದು ಮಲಗಿದ ಗಂಡನನ್ನು ದಿನಕ್ಕೆ ಹತ್ತು ಸಲ ಹೊರಳಿಸುವ ಹೆಂಡತಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಕಾಯಿಲೆಯ ಹೆಸರಿಗಿಂತ, ದಿನಕ್ಕೆ ಎಷ್ಟು ತಾಸು ಇನ್ನೊಬ್ಬರ ಕೈ ಬೇಕು ಎನ್ನುವುದೇ ಅಳತೆಯಾಗಬೇಕು. ಅದನ್ನು ನೋಡಿ ಹೇಳಬಲ್ಲವರು ಪಂಚಾಯಿತಿ ಮಟ್ಟದಲ್ಲೇ ಇದ್ದಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಗೊತ್ತು.

ಕೇಂದ್ರ ಮಾಡಬೇಕಾದದ್ದೂ ಕಷ್ಟದ್ದಲ್ಲ. 80ಡಿಡಿಯ ಅಡಿಯ ವಿಮೆಯಲ್ಲಿ ತಂದೆ-ತಾಯಿ ಸತ್ತ ಮೇಲಷ್ಟೇ ಮಗುವಿಗೆ ಹಣ ಎಂಬ ನಿಯಮವಿತ್ತು. ಇದನ್ನು ಮರುಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸೂಚಿಸಿತು. ಪೋಷಕರಿಗೆ ಅರವತ್ತಾದ ಮೇಲೆ ಅವರ ಜೀವಿತಾವಧಿಯಲ್ಲೇ ಹಣ ಬರುವಂತೆ 2022ರಲ್ಲಿ ತಿದ್ದುಪಡಿಯಾಯಿತು. ಮನಸ್ಸು ಮಾಡಿದರೆ ಆಗುತ್ತದೆ. ಹೊಸ ಪದ್ಧತಿಯಲ್ಲೂ 80ಯು, 80ಡಿಡಿ ಎರಡೂ ವಿನಾಯಿತಿಗಳನ್ನು, ಬೆಲೆಯೇರಿಕೆಗೆ ತಕ್ಕಂತೆ ಹಿಗ್ಗಿಸಿ, ಮರಳಿಸಲಿ.

ರಾಜ್ಯದ ಕೆಲಸ ಇನ್ನೂ ಹತ್ತಿರದ್ದು. ಎಪ್ಪತ್ತರ ತಾಯಿ, ಶೇ 60ರಷ್ಟು ಅಂಗವೈಕಲ್ಯದ ನಲವತ್ತೈದರ ಮಗ ಇಬ್ಬರೇ ಇರುವ ಮನೆಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ. ಇಬ್ಬರೂ ಅರ್ಹರಾಗಿದ್ದರೆ ತಾಯಿಯ ಖಾತೆಗೆ 1,200, ಮಗನ ಖಾತೆಗೆ 800. ಕಾಯ್ದೆಯ ಪ್ರಕಾರ ಮಗನಿಗೆ ಬರಬೇಕಾದದ್ದು 1,500.