ಮೆಟ್ರೋ ನಂಬಿ ಸೈಟು ಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ

ದಾಬಸ್‌ಪೇಟೆ ಆಸುಪಾಸಿನ ಹೊಸ ಲೇಔಟ್‌ಗಳ ಬೋರ್ಡು ನೋಡಿದ್ದೀರಲ್ಲ? ಮೊದಲು ‘ಹೈವೇಗೆ ಐದೇ ನಿಮಿಷ’ ಅಂತ ಇರುತ್ತಿತ್ತು. ಈಗ ‘ಮೆಟ್ರೋ ಸ್ಟೇಷನ್‌ಗೆ ಐದೇ ನಿಮಿಷ’ ಅಂತ ಬಂದಿದೆ. ಸ್ಟೇಷನ್ ಎಲ್ಲಿ ಸ್ವಾಮಿ ಅಂತ ಅಲ್ಲಿದ್ದ ಬ್ರೋಕರ್‌ನ ಕೇಳಿದೆವು. ಕೈ ಎತ್ತಿ ರಾಗಿ ಹೊಲದ ಕಡೆ ತೋರಿಸಿದರು.

ನಮ್ಮ ತಂಡದ ಒಬ್ಬರ ಚಿಕ್ಕಪ್ಪ ನೆಲಮಂಗಲದ ಕಡೆ ಮೂವತ್ತು ಗುಂಟೆಗೆ ಅಗ್ರಿಮೆಂಟ್ ಮಾಡಿಕೊಟ್ಟು ಕೂತಿದ್ದಾರೆ. ಅಡ್ವಾನ್ಸ್ ಬಂತು, ಬಾಕಿ ಬಂದಿಲ್ಲ. ಕೇಳಿದರೆ ‘ಡಿಪಿಆರ್ ಆಗಲಿ ಅಣ್ಣ, ರೇಟ್ ಇನ್ನೂ ಏರುತ್ತೆ’ ಅಂತಾರಂತೆ. ಈ ಸಲ ಆ ಹೊಲ ಬಿತ್ತಲಿಲ್ಲ. ಅದಕ್ಕೇ ಈ ಡಿಪಿಆರ್ ಅಂದರೆ ಏನು, ಅದು ಆದ ಮೇಲೆ ಇನ್ನೂ ಏನೇನು ಆಗಬೇಕು ಅನ್ನೋದನ್ನ ಬರೆಯೋಣ ಅನ್ನಿಸಿತು.

2024ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ತುಮಕೂರಿಗೆ ಮೆಟ್ರೋ ವಿಸ್ತರಿಸುವ ಮಾತು ಆಡಿದರು. ಆಮೇಲೆ ಕಾರ್ಯಸಾಧ್ಯತಾ ವರದಿ ಬಂತು. ಮಾದಾವರದಿಂದ ತುಮಕೂರಿಗೆ 59.6 ಕಿ.ಮೀ., ಅಂದಾಜು 20,649 ಕೋಟಿ ರೂಪಾಯಿ, ಖಾಸಗಿ ಸಹಭಾಗಿತ್ವದಲ್ಲಿ. 2025ರ ನವೆಂಬರ್‌ನಲ್ಲಿ ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ ಬರೆದುಕೊಡುವವರಿಗಾಗಿ ಟೆಂಡರ್ ಕರೆದರು. ಗಮನಿಸಿ, ವರದಿ ಬರೆಯೋಕೆ ಕರೆದ ಟೆಂಡರ್ ಅದು. ಕಂಬ ನಿಲ್ಲಿಸೋಕೆ ಕರೆದದ್ದಲ್ಲ.

ವರದಿ ಬಂದರೆ ರಾಜ್ಯ ಸಂಪುಟ ಒಪ್ಪಬೇಕು. ಕೇಂದ್ರದ ದುಡ್ಡು ಬೇಕಿದ್ದರೆ ಕಡತ ದೆಹಲಿಗೆ ಹೋಗಬೇಕು. 2017ರ ಮೆಟ್ರೋ ನೀತಿಯ ಪ್ರಕಾರ ಎಷ್ಟೇ ಆದರೂ ವೆಚ್ಚದ ಐದನೇ ಒಂದು ಭಾಗದ ಆಸುಪಾಸು ಮಾತ್ರ ಕೇಂದ್ರದಿಂದ ಸಿಗುತ್ತದೆ. ಉಳಿದದ್ದು ರಾಜ್ಯದ ಪಾಲು, ಸಾಲ, ಖಾಸಗಿಯವರ ಬಂಡವಾಳ. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಲ್ಲಿ ಇನ್ನೊಂದು ಪಕ್ಷ ಇದ್ದಾಗ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗುತ್ತೆ ಅನ್ನೋದನ್ನ ಯಾವ ವರದಿಯಲ್ಲೂ ಬರೆದಿರಲ್ಲ.

ಹಳೆಯ ಲೆಕ್ಕ ನೋಡಿ. ಬೆಂಗಳೂರು ಮೆಟ್ರೋ ಮೊದಲ ಹಂತಕ್ಕೆ 2006ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದರು. ಆ 42 ಕಿ.ಮೀ. ಪೂರ್ತಿ ಮುಗಿದಿದ್ದು 2017ರ ಜೂನ್‌ನಲ್ಲಿ. 6,395 ಕೋಟಿಯ ಅಂದಾಜು 13,800 ಕೋಟಿ ದಾಟಿತು. ಅದು ಬಿಡಿ, ನಮ್ಮ ರಸ್ತೆಯದೇ ಉದಾಹರಣೆ ಇದೆ. ನಾಗಸಂದ್ರದಿಂದ ಮಾದಾವರಕ್ಕೆ ಬರೀ 3.14 ಕಿ.ಮೀ. 2017ರಲ್ಲಿ ಶುರುವಾದ ಕೆಲಸ. ರೈಲು ಓಡಿದ್ದು 2024ರ ನವೆಂಬರ್ 7ಕ್ಕೆ. ಅಲ್ಲೂ ಭೂಸ್ವಾಧೀನದ ತೊಡಕಿತ್ತು. ಮೂರು ಕಿಲೋಮೀಟರಿಗೆ ಏಳು ವರ್ಷ!

ಖಾಸಗಿಯವರು ದುಡ್ಡು ಹಾಕುತ್ತಾರೆ, ನಿಮಗೇನು ಅಂತ ಕೆಲವರು ಕೇಳುತ್ತಾರೆ. ಹೈದರಾಬಾದ್ ನೋಡಿ ಅನ್ನುತ್ತೇವೆ. ಅಲ್ಲಿ ಎಲ್ ಆಂಡ್ ಟಿ ಕಂಪನಿ ಖಾಸಗಿ ಸಹಭಾಗಿತ್ವದಲ್ಲೇ 69 ಕಿ.ಮೀ. ಮೆಟ್ರೋ ಕಟ್ಟಿತು. ನಷ್ಟ ತಡೆಯಲಾರದೆ ಹೊರಗೆ ಹೋಗಲು ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರ ಸುಮಾರು 13,000 ಕೋಟಿ ಸಾಲವನ್ನು ತನ್ನ ತಲೆಗೆ ಕಟ್ಟಿಕೊಂಡು, ಮೇಲೆ 2,000 ಕೋಟಿ ಕೊಟ್ಟು ಮೆಟ್ರೋ ವಹಿಸಿಕೊಳ್ಳಲು ಒಪ್ಪಿತು. ಒಂದು ಕೋಟಿ ಜನ ಇರೋ ಊರಲ್ಲೇ ಹೀಗಾದರೆ, ಡಾಬಾ, ಗೋಡೌನು, ತೋಟಗಳ ನಡುವೆ ಓಡುವ ರೈಲಿಗೆ ಜನ ಎಲ್ಲಿಂದ ತುಂಬುತ್ತಾರೆ?

ಟಿಕೆಟ್ ವಿಷಯಕ್ಕೆ ಬರೋಣ. 2025ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೋ ದರ ಏರಿತು. 25 ಕಿ.ಮೀ. ದಾಟಿದರೆ 90 ರೂಪಾಯಿ. ಆಗ ರಾಜ್ಯದವರು ‘ಕೇಂದ್ರದ ಸಮಿತಿ ಏರಿಸಿದ್ದು’ ಅಂದರು, ಕೇಂದ್ರದವರು ‘ರಾಜ್ಯ ಕೇಳಿಕೊಂಡಿದ್ದು’ ಅಂದರು. ಮೆಟ್ರೋ ನಿಗಮದಲ್ಲಿ ಇಬ್ಬರದೂ ಸಮಪಾಲು ಅನ್ನೋದನ್ನ ಇಬ್ಬರೂ ಮರೆತವರ ಹಾಗೆ ಮಾತಾಡಿದರು. ತುಮಕೂರಿಂದ ಮಾದಾವರಕ್ಕೇ ಸುಮಾರು 60 ಕಿ.ಮೀ., ಅಲ್ಲಿಂದ ಮುಂದೆ ಮೆಜೆಸ್ಟಿಕ್. ದರ ಎಷ್ಟಾಗಬಹುದು ನೀವೇ ಯೋಚಿಸಿ. 2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳು ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿ ಕೆಂಪು ಬಸ್ಸಲ್ಲಿ ಪುಕ್ಕಟೆ ಹೋಗುತ್ತಿದ್ದಾರೆ. ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕ ಆ ಬಸ್ಸು ಬಿಟ್ಟು ದಿನಕ್ಕೆ ನೂರಿನ್ನೂರು ಕೊಟ್ಟು ಮೆಟ್ರೋ ಹತ್ತುತ್ತಾರೆಯೇ? ಹೊತ್ತೂ ಅಷ್ಟೇ. ಮಾದಾವರದಿಂದ ರೇಷ್ಮೆ ಸಂಸ್ಥೆಗೆ 33 ಕಿ.ಮೀ., ಅದಕ್ಕೇ ಸುಮಾರು ಒಂದು ಗಂಟೆ ಬೇಕು. ಎರಡು ಮೂರು ಕಿಲೋಮೀಟರಿಗೊಂದು ಕಡೆ ನಿಲ್ಲುತ್ತಾ ಹೋಗೋ ಮೆಟ್ರೋ ಊರೊಳಗೆ ಓಡಾಡೋಕೆ ಚೆನ್ನ. ಊರಿಂದೂರಿಗೆ ಹೋಗೋಕೆ ರೈಲೇ ಇದೆಯಲ್ಲ.

ರೈಲಿನ ಮಾತು ಬಂದರೆ ನಮಗೆ ಹೊಟ್ಟೆ ಉರಿಯುತ್ತೆ. ಬೆಂಗಳೂರು-ತುಮಕೂರು ಜೋಡಿ ಹಳಿ ಇದೆ, ವಿದ್ಯುತ್ ಇದೆ. ಬೆಳಗ್ಗೆ ರೈಲಿನಲ್ಲಿ ಬಾಗಿಲ ಹತ್ತಿರ ಒಂಟಿ ಕಾಲಲ್ಲಿ ನಿಂತು ಹೋಗೋರು ನಮ್ಮೂರ ಹುಡುಗರೇ. ಸಂಸದ ವಿ. ಸೋಮಣ್ಣ ರೈಲ್ವೆ ರಾಜ್ಯ ಸಚಿವರು. ಮೆಟ್ರೋ ಪರ ನಿಂತಿರುವ ಜಿ. ಪರಮೇಶ್ವರ ಕೊರಟಗೆರೆಯ ಶಾಸಕರು. ಇಬ್ಬರೂ ಇದೇ ಜಿಲ್ಲೆಯಿಂದ ಗೆದ್ದವರು. ಬೆಳಗ್ಗೆ ಸಂಜೆ ಅರ್ಧ ಗಂಟೆಗೊಂದು ಮೆಮು ಓಡಿಸಿ ಅಂತ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತು ತೀರ್ಮಾನಿಸಿದರೆ 20,649 ಕೋಟಿಯ ಸಣ್ಣ ಪಾಲಿನಲ್ಲಿ ಕೆಲಸ ಆಗುತ್ತಿತ್ತು ಅನ್ನೋದು ನಮ್ಮ ಅಭಿಪ್ರಾಯ. ಬೆಂಗಳೂರು ದಕ್ಷಿಣ ಸಂಸದ ತೇಜಸ್ವಿ ಸೂರ್ಯ ಕೂಡ ಮೆಟ್ರೋ ಬೇಡ, ಉಪನಗರ ರೈಲು ಸಾಕು ಅಂತಾರೆ. ಸರಿ. ಆದರೆ 15,767 ಕೋಟಿಯ ಬೆಂಗಳೂರು ಉಪನಗರ ರೈಲಿಗೆ 2022ರಲ್ಲಿ ಪ್ರಧಾನಿ ಮೋದಿ ಅಡಿಗಲ್ಲು ಹಾಕಿ 40 ತಿಂಗಳು ಅಂದಿದ್ದರು. ಆ 40 ತಿಂಗಳು ಕಳೆದು ಹೋಯಿತು, ರೈಲು ಬರಲಿಲ್ಲ. ಅದನ್ನೂ ಅವರು ಹೇಳಬೇಕಿತ್ತು.

ನಾವು ಮೆಟ್ರೋ ವಿರೋಧಿಗಳಲ್ಲ. ತುಮಕೂರು ಬೆಳೆಯಲಿ ಅನ್ನೋ ಆಸೆ ನಮಗೂ ಇದೆ. ಆದರೆ ನಮ್ಮ ಚಿಂತೆ ಬೇರೆ. ಮೆಟ್ರೋಗೆ ಜಮೀನು ತೆಗೆದುಕೊಳ್ಳುವುದು ಕೆಐಎಡಿಬಿ ಮೂಲಕ. 28(1) ನೋಟಿಸ್ ಬಂದರೆ ಏನಾಗುತ್ತೆ ಅಂತ ದೇವನಹಳ್ಳಿ ಕಡೆಯ ರೈತರನ್ನು ಕೇಳಿ. 1,777 ಎಕರೆ ಉಳಿಸಿಕೊಳ್ಳೋಕೆ ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ಯೋಜನೆ ಆಗುತ್ತೋ ಬಿಡುತ್ತೋ, ಗೆರೆ ಎಳೆದ ದಿನದಿಂದ ಆ ಹೊಲಕ್ಕೆ ಬೋರ್‌ವೆಲ್ ಹಾಕಿಸೋಣವೋ ಬೇಡವೋ, ಬಾಳೆ ಇಡೋಣವೋ ಬೇಡವೋ ಅನ್ನೋ ಗೊಂದಲ ಶುರುವಾಗುತ್ತೆ. ಚಿಕ್ಕಪ್ಪನ ಮೂವತ್ತು ಗುಂಟೆಗೆ ಗೆರೆ ಎಳೆಯುವ ಮೊದಲೇ ಆ ಗತಿ ಬಂದಿದೆ.

ಅಗ್ರಿಮೆಂಟ್ ಮಾಡಿಕೊಂಡವರು ಅದರಲ್ಲಿ ಬಾಕಿ ಹಣಕ್ಕೆ ತಾರೀಖು ಬರೆದಿದೆಯಾ ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ವಕೀಲರಿಗೆ ತೋರಿಸಿ. ಆ ಕಾರ್ಯಸಾಧ್ಯತಾ ವರದಿಯ ಪ್ರತಿ ಕೊಡಿ ಅಂತ ನಾವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ. ಕಾನೂನಿನ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ನಕ್ಷೆ ಸಿಕ್ಕರೆ ಫೋಟೋ ತೆಗೆದು ಇಲ್ಲೇ ಹಾಕುತ್ತೇವೆ. ದೊಡ್ಡದು ಮಾಡಿ ನಿಮ್ಮ ಊರು ಹುಡುಕಿಕೊಳ್ಳಿ.